ಇಬ್ಬರು ಡಾಕ್ಟರು, ಒಂದೇ ಬಿಎಂಐ: 22.3ರ ಪ್ರಕರಣ

2004ರ ಜನವರಿಯಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಚಿತ್ರ ಬಂತು. ಜೊತೆಗೆ ನಾಲ್ಕಾರು ಸಾಲಿನ ಬರಹ, ಅಷ್ಟೇ. ಚಿತ್ರದಲ್ಲಿ ಇದ್ದದ್ದು ಇಬ್ಬರು ಗಂಡಸರು. ಇಬ್ಬರೂ ಡಾಕ್ಟರುಗಳು, ಬರಹವೂ ಅವರದೇ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. ಇನ್ನೊಬ್ಬರು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರೂ ಸಕ್ಕರೆ ಕಾಯಿಲೆಯ ಸಂಶೋಧನೆಯಲ್ಲಿ ಹೆಸರು ಮಾಡಿದವರು. ನೋಡಿದರೆ ಇಬ್ಬರಲ್ಲಿ ಯಾರೂ ದಪ್ಪ ಅನ್ನಿಸುವುದಿಲ್ಲ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅಂತ ತೋರಿಸುವ ಅಂಕಿ, ಅದು ಕೂಡ ಇಬ್ಬರದೂ ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1 ಇತ್ತು. ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2.

ಇಬ್ಬರ ಅಡ್ಡಹೆಸರೂ ಇಂಗ್ಲಿಷಿನ ವೈ ಅಕ್ಷರದಿಂದ ಶುರುವಾಗುತ್ತದೆ. ಹಾಗಾಗಿ ಇದಕ್ಕೆ ವೈ-ವೈ ಪ್ಯಾರಡಾಕ್ಸ್ ಅಂತ ಹೆಸರಿಟ್ಟರು. ಬಿಎಂಐ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಅದರಲ್ಲೂ ನಮಗೆ, ಭಾರತದವರಿಗೆ, ಇದು ತುಂಬ ಹತ್ತಿರದ ವಿಷಯ. ಆಫೀಸಿನ ವರ್ಷದ ಹೆಲ್ತ್ ಚೆಕಪ್ ಮುಗಿಸಿ ಬಂದವರು ರಿಪೋರ್ಟಿನಲ್ಲಿ ಮೊದಲು ನೋಡುವುದು ಆ ಬಿಎಂಐ ಸಾಲನ್ನೇ. ಪಕ್ಕದಲ್ಲಿ "ನಾರ್ಮಲ್" ಅಂತ ಇದ್ದರೆ ಮುಂದಿನ ಪುಟ ತಿರುಗಿಸುವುದೇ ಇಲ್ಲ. "ನಾನು ಸಣ್ಣಗೇ ಇದೀನಲ್ಲ, ನನಗೆಲ್ಲಿ ಶುಗರ್ ಬರುತ್ತೆ?" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ, ಅಲ್ವಾ? ಈ ಬರಹ ಮುಖ್ಯವಾಗಿ ಅವರಿಗಾಗಿ.

ಲೆಕ್ಕ ಬಿಡಿಸಿ ನೋಡೋಣ

ಬಿಎಂಐ ಲೆಕ್ಕ ಸುಲಭ. ತೂಕ ಕೆಜಿಯಲ್ಲಿ, ಎತ್ತರ ಮೀಟರಿನಲ್ಲಿ ತೆಗೆದುಕೊಳ್ಳಬೇಕು. ತೂಕವನ್ನು ಎತ್ತರದಿಂದ ಒಂದು ಸಲ ಭಾಗಿಸಿ, ಬಂದದ್ದನ್ನು ಮತ್ತೆ ಅದೇ ಎತ್ತರದಿಂದ ಭಾಗಿಸಬೇಕು. ಇಬ್ಬರೂ 170 ಸೆಂ.ಮೀ. ಎತ್ತರ ಇದ್ದಾರೆ ಅಂತ ಸುಮ್ನೆ ಇಟ್ಟುಕೊಳ್ಳಿ. ಬಿಎಂಐ 22.3 ಬರಬೇಕಾದರೆ ತೂಕ 64.4 ಕೆಜಿ ಇರಬೇಕು. ಅದರಲ್ಲಿ ಶೇ. 9.1 ಅಂದರೆ ಸುಮಾರು 5.9 ಕೆಜಿ ಕೊಬ್ಬು. ಶೇ. 21.2 ಅಂದರೆ ಸುಮಾರು 13.7 ಕೆಜಿ. ತಕ್ಕಡಿ ಇಬ್ಬರಿಗೂ 64.4 ಅಂತಲೇ ತೋರಿಸುತ್ತದೆ. ಆದರೆ ಒಬ್ಬರ ಮೈಯಲ್ಲಿ ಎಂಟು ಕೆಜಿಯಷ್ಟು ಕೊಬ್ಬು ಜಾಸ್ತಿ. ಇನ್ನೊಬ್ಬರ ಮೈಯಲ್ಲಿ ಅದೇ ಎಂಟು ಕೆಜಿ ಮಾಂಸಖಂಡ, ಮೂಳೆ, ಅಂಗಾಂಗ ಜಾಸ್ತಿ.

ಮೂಟೆಯ ತೂಕ ನೋಡಿ ಒಳಗೆ ಅಕ್ಕಿ ಎಷ್ಟು, ನುಚ್ಚು ಎಷ್ಟು ಅಂತ ಹೇಳುವುದಕ್ಕೆ ಆಗುವುದಿಲ್ಲ. ಬಿಎಂಐ ವಿಷಯವೂ ಇಷ್ಟೇ.

ಕೊಬ್ಬು ಇಷ್ಟೇ ಇದೆ ಅಂತ ಅವರಿಗೆ ಹೇಗೆ ಗೊತ್ತಾಯಿತು? ಡೆಕ್ಸಾ ಸ್ಕ್ಯಾನ್‌ನಿಂದ. ಮೂಳೆ ಸವೆದಿದೆಯಾ ನೋಡಿಸಿಕೊಂಡು ಬನ್ನಿ ಅಂತ ವಯಸ್ಸಾದ ಹೆಂಗಸರಿಗೆ ಬರೆದುಕೊಡುತ್ತಾರಲ್ಲ, ಅದೇ ಯಂತ್ರ. ಮಂಚದ ಥರದ ಹಲಗೆಯ ಮೇಲೆ ಮಲಗಿದರೆ ಯಂತ್ರದ ತೋಳು ಮೈಮೇಲೆ ನಿಧಾನವಾಗಿ ಸಾಗುತ್ತದೆ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಕಿರಣ ಮೈಯೊಳಗೆ ಹಾದು ಹೋಗುತ್ತವೆ. ಮೂಳೆ ತಡೆಯುವಷ್ಟು ಕಿರಣವನ್ನು ಮಾಂಸಖಂಡ ತಡೆಯುವುದಿಲ್ಲ, ಮಾಂಸಖಂಡ ತಡೆಯುವಷ್ಟು ಕೊಬ್ಬು ತಡೆಯುವುದಿಲ್ಲ. ಆ ವ್ಯತ್ಯಾಸದಿಂದ ಮೂರನ್ನೂ ಬೇರೆ ಮಾಡಿ ಲೆಕ್ಕ ಕೊಡುತ್ತದೆ. ಎಲ್ಲರಿಗೂ ಮಾಡಿಸುವ ಪರೀಕ್ಷೆ ಇದಲ್ಲ. ಆ ಅಗತ್ಯವೂ ಇಲ್ಲ, ಯಾಕೆ ಅನ್ನುವುದು ಮುಂದೆ ಬರುತ್ತದೆ.

ಈ ಸೂತ್ರ ಮಾಡಿದ್ದು ಯಾರಿಗಾಗಿ?

ಸೂತ್ರದ ಮೂಲ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. 1796ರಲ್ಲಿ ಹುಟ್ಟಿದವರು, ಖಗೋಳ ವಿಜ್ಞಾನಿ, ಅಂಕಿ-ಸಂಖ್ಯೆಯ ಪಂಡಿತರು. ಡಾಕ್ಟರಲ್ಲ. ಒಂದು ದೇಶದ ಜನರನ್ನೆಲ್ಲ ಅಳೆದರೆ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅನ್ನುವುದು ಅವರ ಕುತೂಹಲ. ಮೈ ಎಲ್ಲ ಕಡೆಗೂ ಒಂದೇ ಸಮ ಬೆಳೆಯುವುದಾದರೆ ತೂಕ ಎತ್ತರದ ಘನದ ಲೆಕ್ಕದಲ್ಲಿ ಏರಬೇಕಿತ್ತು. ಆದರೆ ದೊಡ್ಡವರಲ್ಲಿ ಅದು ಹೆಚ್ಚುಕಡಿಮೆ ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ ಅಂತ ಅವರು ಕಂಡುಕೊಂಡರು. ಬೊಜ್ಜು, ಸಕ್ಕರೆ ಕಾಯಿಲೆ, ಹೃದಯಾಘಾತ, ಇವು ಯಾವುದೂ ಅವರ ತಲೆಯಲ್ಲಿ ಇರಲಿಲ್ಲ.

ಬಿಎಂಐ ಅನ್ನುವ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರಿಂದ. ಅಮೆರಿಕ, ಫಿನ್ಲೆಂಡ್, ಇಟಲಿ, ಜಪಾನ್, ದಕ್ಷಿಣ ಆಫ್ರಿಕಾದ ಸುಮಾರು 7,400 ಜನರ ಅಳತೆ ಇಟ್ಟುಕೊಂಡು ತೂಕ-ಎತ್ತರದ ಬೇರೆ ಬೇರೆ ಸೂತ್ರಗಳನ್ನು ಹೋಲಿಸಿದರು. ಅವುಗಳಲ್ಲಿ ಕೆಟ್ಲೆ ಸೂತ್ರವೇ ವಾಸಿ ಅಂತ ಕಂಡಿತು. ಆ 7,400 ಜನರೂ ಗಂಡಸರು. ಭಾರತದವರು ಅದರಲ್ಲಿ ಇರಲಿಲ್ಲ. ಕೀಸ್ ಹುಡುಕುತ್ತಿದ್ದದ್ದು ದೊಡ್ಡ ಗುಂಪಿನ ಅಧ್ಯಯನಕ್ಕೆ ಸುಲಭವಾದ ಒಂದು ಅಳತೆ. ಆ ಕೆಲಸಕ್ಕೆ ಬಿಎಂಐ ಇವತ್ತಿಗೂ ಚೆನ್ನಾಗಿಯೇ ಒದಗುತ್ತದೆ. ಒಂದು ತಾಲ್ಲೂಕಿನಲ್ಲಿ ಎಷ್ಟು ಜನ ಸೊರಗಿದ್ದಾರೆ, ಎಷ್ಟು ಜನ ದಪ್ಪ ಆಗುತ್ತಿದ್ದಾರೆ ಅಂತ ತಿಳಿಯಬೇಕಾದರೆ ತಕ್ಕಡಿ ಮತ್ತು ಎತ್ತರದ ಪಟ್ಟಿ ಸಾಕು. ಅದನ್ನು ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಗುಂಪಿಗೆ ಮಾಡಿದ ಅಳತೆ ನಿಧಾನವಾಗಿ ಒಬ್ಬೊಬ್ಬರ ರಿಪೋರ್ಟಿಗೆ ಬಂದು ಕೂತಿತು. ತೊಡಕು ಶುರುವಾಗುವುದು ಅಲ್ಲಿಂದ.

ಎಂಟು ಕೆಜಿ ಎಲ್ಲಿಂದ ಬಂತು?

ಇಬ್ಬರು ಡಾಕ್ಟರುಗಳೂ ತಮ್ಮ ಬರಹದಲ್ಲೇ ಎರಡು ಕಾರಣ ಮುಂದಿಟ್ಟಿದ್ದರು. ಮೊದಲನೆಯದು ವ್ಯಾಯಾಮ. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಅವರಿಗೆ ವ್ಯಾಯಾಮ ಅಂದರೆ ದಿನಾ ಬೆಳಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಓಡಿ ಒಳಗೆ ಸೇರಿಕೊಳ್ಳುವುದು ಅಂತ ಅವರೇ ತಮಾಷೆಯಾಗಿ ಬರೆದಿದ್ದರು. ಎರಡನೆಯದು ಹುಟ್ಟಿದಾಗಿನ ತೂಕ. ಯಾಜ್ಞಿಕ್ ಕಡಿಮೆ ತೂಕದ ಮಗುವಾಗಿ ಹುಟ್ಟಿದವರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಪ್ರಕರಣವನ್ನು "ನೋಡಿ, ಬಿಳಿಯರಿಗಿಂತ ನಮಗೆ ಎರಡು ಪಟ್ಟು ಕೊಬ್ಬು" ಅಂತ ಹೇಳಿಕೊಂಡು ತಿರುಗುವವರಿದ್ದಾರೆ. ಅದು ಸರಿಯಲ್ಲ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಎರಡು ಜನಾಂಗಗಳ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ. ಅದರಲ್ಲೂ ಒಬ್ಬರು ಮ್ಯಾರಥಾನ್ ಓಡುವವರಾದರೆ ಹೋಲಿಕೆಯೇ ವಾಲಿಕೊಳ್ಳುತ್ತದೆ. ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು ಇಷ್ಟು: ಒಂದೇ ಬಿಎಂಐ ಇರುವ ಯುರೋಪಿಯನ್ ಮೂಲದವರಿಗೆ ಹೋಲಿಸಿದರೆ ಏಷ್ಯಾದವರ ಮೈಕೊಬ್ಬು ಶೇಕಡ ಲೆಕ್ಕದಲ್ಲಿ 3ರಿಂದ 5ರಷ್ಟು ಜಾಸ್ತಿ. ನಮ್ಮ ಇಬ್ಬರು ಡಾಕ್ಟರುಗಳ ನಡುವಿನ ಅಂತರ 12.1. ಅಂದರೆ ಇದರಲ್ಲಿ ಓಟದ ಪಾಲು ದೊಡ್ಡದೇ ಇರಬೇಕು. ನನಗೆ ಇದು ಸಮಾಧಾನ ತರುವ ವಿಷಯ. ಹುಟ್ಟನ್ನು ಬದಲಿಸಲು ಆಗುವುದಿಲ್ಲ, ಓಟವನ್ನು ಶುರು ಮಾಡಬಹುದು.

ಇನ್ನೊಂದು. ಗಂಡಸಿನ ಮೈಯಲ್ಲಿ ಶೇ. 21 ಕೊಬ್ಬು ಇದ್ದರೆ ಅದೇ ಒಂದು ರೋಗ ಅಂತ ಅರ್ಥ ಅಲ್ಲ. ಹೆಂಗಸರಲ್ಲಿ ಸಹಜವಾಗಿಯೇ ಅದಕ್ಕಿಂತ ಜಾಸ್ತಿ ಇರುತ್ತದೆ. ಕೊಬ್ಬು ಮೈಯಲ್ಲಿ ಎಲ್ಲಿ ಸೇರಿದೆ ಅನ್ನುವುದು ಎಷ್ಟಿದೆ ಅನ್ನುವಷ್ಟೇ ಮುಖ್ಯ.

ಪುಣೆಯ ಮಕ್ಕಳು, ಮೈಸೂರಿನ ರಿಜಿಸ್ಟರು

ಹುಟ್ಟಿನ ತೂಕದ ಮಾತು ಯಾಜ್ಞಿಕ್ ಅವರು ಸುಮ್ಮನೆ ಸೇರಿಸಿದ್ದಲ್ಲ. 1990ರ ದಶಕದಿಂದ ಅವರ ತಂಡ ಪುಣೆ ಹತ್ತಿರದ ಹಳ್ಳಿಗಳಲ್ಲಿ ಬಸುರಿಯರನ್ನು, ಆಮೇಲೆ ಅವರಿಗೆ ಹುಟ್ಟಿದ ಮಕ್ಕಳನ್ನು ಅಳೆಯುತ್ತ ಬಂದಿತ್ತು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕೆಜಿ. ಪುಣೆ ಮಕ್ಕಳ ತೋಳು ಸಣ್ಣ, ಹೊಟ್ಟೆಯ ಸುತ್ತಳತೆ ಕಡಿಮೆ. ಅಂದರೆ ಮಾಂಸಖಂಡವೂ ಕಡಿಮೆ, ಲಿವರ್‌ನಂಥ ಒಳಗಿನ ಅಂಗಗಳೂ ಚಿಕ್ಕವು. ಆದರೆ ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ ಚರ್ಮವನ್ನು ಚಿವುಟಿದಂತೆ ಹಿಡಿದು ಅಳೆದರೆ ಅಲ್ಲಿ ಕೊಬ್ಬು ಅಷ್ಟೇನೂ ಕಡಿಮೆ ಇರಲಿಲ್ಲ. ಮಗು ತೆಳ್ಳಗೆ ಕಾಣುತ್ತದೆ, ಆದರೆ ಅದರ ಸೈಜಿಗೆ ಕೊಬ್ಬು ಜಾಸ್ತಿ. ಹೊಟ್ಟೆಯಲ್ಲಿರುವಾಗ ಪೋಷಣೆ ಕಡಿಮೆಯಾದರೆ ಮೈ ಮಾಂಸಖಂಡದ ಪಾಲನ್ನು ಕಡಿತ ಮಾಡಿ ಕೊಬ್ಬಿನ ಪಾಲನ್ನು ಉಳಿಸಿಕೊಳ್ಳುತ್ತದೆ ಅನ್ನುವುದು ಅವರ ವಿವರಣೆ.

ಈ ಕಥೆಯ ಇನ್ನೊಂದು ತುದಿ ನಮ್ಮ ಮೈಸೂರಿನಲ್ಲಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆ ಉಳಿದಿತ್ತು. ನರ್ಸಮ್ಮಂದಿರು ದಿನದ ಕೆಲಸ ಅಂತ ಬರೆದಿಟ್ಟ ಆ ಅಂಕಿಗಳು ಅರ್ಧ ಶತಮಾನ ಕಳೆದ ಮೇಲೆ ಚಿನ್ನದ ಬೆಲೆ ಬಾಳಿದವು. ಸೌತಾಂಪ್ಟನ್ನಿನ ಡಾ. ಕ್ಯಾರೊಲೈನ್ ಫಾಲ್ ಮತ್ತು ಮೈಸೂರಿನ ಡಾಕ್ಟರುಗಳು ಆ ಪಟ್ಟಿ ಹಿಡಿದು, ಅಲ್ಲಿ ಹುಟ್ಟಿ ಅದೇ ಊರಿನ ಸುತ್ತಮುತ್ತ ಬದುಕುತ್ತಿದ್ದವರನ್ನು ಹುಡುಕಿದರು. 1996ರಲ್ಲಿ ಮೊದಲ ಫಲಿತಾಂಶ ಬಂತು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಜಾಸ್ತಿ.

ಸಕ್ಕರೆ ಕಾಯಿಲೆಗೆ ಬಂದರೆ ಮೈಸೂರಿನ ಲೆಕ್ಕ ಬೇರೆಯೇ ಹೇಳಿತು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು: ಸಕ್ಕರೆ ಕಾಯಿಲೆ ಜಾಸ್ತಿ ಇದ್ದದ್ದು ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ದಪ್ಪಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಜಾಸ್ತಿ ಇತ್ತು. ಅಂದರೆ "ಕಡಿಮೆ ತೂಕದ ಮಗು, ಹಾಗಾಗಿ ಮುಂದೆ ಶುಗರ್" ಅನ್ನುವ ನೇರ ಗೆರೆ ಎಳೆಯಲು ಬರುವುದಿಲ್ಲ. ತಾಯಿ ತೀರ ಸೊರಗಿದ್ದರೂ ತೊಂದರೆ, ಬಸುರಿನಲ್ಲಿ ತಾಯಿಗೆ ಶುಗರ್ ಏರಿದರೂ ತೊಂದರೆ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪಾರ್ಥೆನಾನ್ ಅಧ್ಯಯನ ಅಂತ ಇನ್ನೊಂದು ಶುರುವಾಯಿತು. ಅದರಲ್ಲಿ ಅಳೆದ ಮಕ್ಕಳೂ ಹುಟ್ಟಿದಾಗ ಇಂಗ್ಲೆಂಡಿನ ಮಕ್ಕಳಿಗಿಂತ ಚಿಕ್ಕವರು. ಬೆನ್ನಿನ ಕೊಬ್ಬು ಮಾತ್ರ ಹುಟ್ಟಿದಾಗಲೂ, ನಾಲ್ಕು ವರ್ಷಕ್ಕೆ ಅಳೆದಾಗಲೂ ಕಡಿಮೆ ಇರಲಿಲ್ಲ. ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ ಇದನ್ನು 2005ರಲ್ಲಿ ಪ್ರಕಟಿಸಿದರು. ಪುಣೆಯ ಹಳ್ಳಿಯಲ್ಲಿ ಕಂಡದ್ದು ಮೈಸೂರಿನ ಪೇಟೆಯಲ್ಲೂ ಕಂಡಿತು.

ಕೊಬ್ಬು ಎಲ್ಲಿ ಕೂತಿದೆ?

ಊಟ ಆದಮೇಲೆ ರಕ್ತಕ್ಕೆ ಸಕ್ಕರೆ ಬರುತ್ತದೆ. ಅದರ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡ ಮತ್ತು ಲಿವರ್. ಮಾಂಸಖಂಡ ಕಡಿಮೆ ಇದ್ದರೆ ಸಕ್ಕರೆಗೆ ಹೋಗಲು ಜಾಗವೂ ಕಡಿಮೆ. ತೊಡೆಯ ಮೇಲೆ, ಪೃಷ್ಠದ ಮೇಲೆ ಚರ್ಮದ ಕೆಳಗೆ ಇರುವ ಕೊಬ್ಬು ಅಷ್ಟಾಗಿ ಕಾಟ ಕೊಡುವುದಿಲ್ಲ. ಹೊಟ್ಟೆಯ ಒಳಗೆ ಕರುಳಿನ ಸುತ್ತ ಮತ್ತು ಲಿವರಿನೊಳಗೆ ಸೇರುವ ಕೊಬ್ಬಿನ ಕಥೆ ಬೇರೆ. ಅದು ಇನ್ಸುಲಿನ್ ಮಾತು ಕೇಳದ ಹಾಗೆ ಲಿವರನ್ನು ಕೆಡಿಸುತ್ತದೆ. ಬೇಡದ ಹೊತ್ತಿನಲ್ಲೂ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತ ಹೋಗುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರುತ್ತದೆ. ಕೈಕಾಲು ಕಡ್ಡಿ, ಮುಖ ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ನಮ್ಮಲ್ಲಿ ಎಷ್ಟು ಸಾಮಾನ್ಯ! ಅಂಥವರ ತೂಕ ನೋಡಿದರೆ ಬಿಎಂಐ ನಾರ್ಮಲ್. ಸ್ಕ್ಯಾನ್ ಮಾಡಿಸಿದರೆ ಫ್ಯಾಟಿ ಲಿವರ್.

ಭಾರತದ ಅಂಕಿಯಲ್ಲಿ ಇದು ಎದ್ದು ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ ದೇಶದ ಎಲ್ಲ ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಮಾಡಿದ್ದು, 2023ರಲ್ಲಿ ಪ್ರಕಟವಾಯಿತು. ಬಿಎಂಐ 25 ದಾಟಿದ ದೊಡ್ಡವರು ಶೇ. 28.6. ಹೊಟ್ಟೆಯ ಸುತ್ತಳತೆ ಮಿತಿ ದಾಟಿದವರು ಶೇ. 39.5. ಅಂದರೆ ನೂರು ಜನರಲ್ಲಿ ಕಡಿಮೆ ಅಂದರೂ ಹತ್ತು ಜನ ಬಿಎಂಐ ಲೆಕ್ಕದಲ್ಲಿ ಬೊಜ್ಜಿನವರಲ್ಲ, ಟೇಪಿನ ಲೆಕ್ಕದಲ್ಲಿ ಬೊಜ್ಜಿನವರು.

ವಯಸ್ಸಾದಂತೆ ಇದೇ ಆಟ ಒಬ್ಬರ ಮೈಯಲ್ಲೇ ನಡೆಯುತ್ತದೆ. ಮೂವತ್ತರಲ್ಲಿ 65 ಕೆಜಿ ಇದ್ದವರು ಅರವತ್ತರಲ್ಲೂ 65 ಕೆಜಿಯೇ ಇದ್ದರೆ ಹೆಮ್ಮೆ ಪಡುತ್ತಾರೆ. ಅಷ್ಟರಲ್ಲಿ ಮಾಂಸಖಂಡ ಕರಗಿ ಅದರ ಜಾಗಕ್ಕೆ ಕೊಬ್ಬು ಬಂದಿರಬಹುದು. ತಕ್ಕಡಿಗೆ ಅದು ತಿಳಿಯುವುದಿಲ್ಲ.

ಗೆರೆ ಕೆಳಗಿಳಿಸಿದರೆ ಸಾಕಾ?

ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳು ಎಲ್ಲರಿಗೂ ಗೊತ್ತು. 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು, 25 ದಾಟಿದರೆ ತೂಕ ಜಾಸ್ತಿ, 30 ದಾಟಿದರೆ ಬೊಜ್ಜು. ಆದರೆ ಏಷ್ಯಾದಲ್ಲಿ 25ಕ್ಕೆ ಮೊದಲೇ ಶುಗರ್, ಬಿಪಿ ಕಾಣಿಸಿಕೊಳ್ಳುತ್ತವೆ. ಇದರ ಬಗ್ಗೆ 2002ರಲ್ಲಿ ಸಿಂಗಾಪುರದಲ್ಲಿ ಸಂಸ್ಥೆಯ ತಜ್ಞರು ಕೂತು ಚರ್ಚಿಸಿದರು. ಆ ವರದಿ ಪ್ರಕಟವಾದದ್ದು ಎಲ್ಲಿ ಗೊತ್ತಾ? 2004ರ ಜನವರಿಯ ಲ್ಯಾನ್ಸೆಟ್‌ನಲ್ಲಿ. ನಮ್ಮ ಇಬ್ಬರು ಡಾಕ್ಟರುಗಳ ಚಿತ್ರ ಬಂದ ಅದೇ ಸಂಚಿಕೆ. ಏಷ್ಯಾದ ಬೇರೆ ಬೇರೆ ಜನರಲ್ಲಿ ಅಪಾಯ ಶುರುವಾಗುವ ಬಿಎಂಐ 22ರಿಂದ 25ರವರೆಗೆ ಬೇರೆ ಬೇರೆ ಇದೆ ಅಂತ ಅವರಿಗೆ ಕಂಡಿತು. ಹಾಗಾಗಿ ಹಳೆಯ ಗೆರೆಗಳನ್ನು ಅಳಿಸದೆ, 23 ಮತ್ತು 27.5 ಅಂತ ಎಚ್ಚರಿಕೆಯ ಎರಡು ಹಂತ ಸೇರಿಸಿದರು. 2009ರಲ್ಲಿ ಭಾರತದ ತಜ್ಞರು ಇನ್ನೂ ಸ್ಪಷ್ಟ ಮಾಡಿದರು: 23ಕ್ಕೆ ತೂಕ ಜಾಸ್ತಿ, 25ಕ್ಕೆ ಬೊಜ್ಜು.

ಇದು ಒಳ್ಳೆಯ ಕೆಲಸ. ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ 14 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2021ರಲ್ಲಿ ಒಂದು ಅಧ್ಯಯನ ಬಂತು. ಬಿಳಿಯರಿಗೆ ಬಿಎಂಐ 30ರಲ್ಲಿ ಇರುವಷ್ಟು ಸಕ್ಕರೆ ಕಾಯಿಲೆಯ ಅಪಾಯ ದಕ್ಷಿಣ ಏಷ್ಯಾದವರಿಗೆ 23.9ರಲ್ಲೇ ಇದೆ ಅಂತ ಅದು ತೋರಿಸಿತು. ಅಮೆರಿಕದ ಡಯಾಬಿಟಿಸ್ ಸಂಘ 2015ರಿಂದಲೇ ಏಷ್ಯಾ ಮೂಲದವರಿಗೆ ಶುಗರ್ ಪರೀಕ್ಷೆಯ ಗೆರೆಯನ್ನು 23ಕ್ಕೆ ಇಳಿಸಿದೆ. ಅಲ್ಲಿನ ಕ್ಲಿನಿಕ್ಕಿನಲ್ಲಿ ಬಿಎಂಐ 24 ನೋಡಿ "ನೀವು ಆರಾಮಾಗಿದ್ದೀರಿ" ಅಂದರೆ, ಶುಗರ್ ಪರೀಕ್ಷೆ ಬೇಕು ಅಂತ ಕೇಳಿ ಮಾಡಿಸಿಕೊಳ್ಳಿ.

ಆದರೆ ನಮ್ಮ ಪ್ರಕರಣಕ್ಕೆ ವಾಪಸ್ ಬನ್ನಿ. 22.3 ಅನ್ನುವುದು 25ರ ಗೆರೆಯ ಕೆಳಗೂ ಇದೆ, 23ರ ಗೆರೆಯ ಕೆಳಗೂ ಇದೆ. ಹೊಸ ಗೆರೆ ಹಾಕಿದರೂ ಇಬ್ಬರು ಡಾಕ್ಟರುಗಳೂ ನಾರ್ಮಲ್ ಖಾನೆಯಲ್ಲೇ ಉಳಿಯುತ್ತಾರೆ. ಗೆರೆಯನ್ನು 22ಕ್ಕೆ ಇಳಿಸಿದರೆ? ಆಗ ಮ್ಯಾರಥಾನ್ ಓಡುವ ಯುಡ್ಕಿನ್ ಅವರಿಗೂ "ತೂಕ ಜಾಸ್ತಿ" ಅಂತ ಚೀಟಿ ಹೋಗುತ್ತದೆ. ಎಲ್ಲಿ ಗೆರೆ ಹಾಕಿದರೂ ಇಬ್ಬರೂ ಗೆರೆಯ ಒಂದೇ ಪಕ್ಕದಲ್ಲಿ ಇರುತ್ತಾರೆ, ಯಾಕೆಂದರೆ ಬಿಎಂಐ ಮಟ್ಟಿಗೆ ಅವರಿಬ್ಬರೂ ಒಬ್ಬರೇ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಗೆರೆಯ ಬಗ್ಗೆ ನಾವು ಇಷ್ಟು ಜಗಳ ಆಡುತ್ತೇವೆ. ಇಂಥ ಇಬ್ಬರನ್ನು ಬೇರೆ ಮಾಡಲು ಬೇಕಾದದ್ದು ಇನ್ನೊಂದು ಅಳತೆ.

2025ರ ಜನವರಿಯಲ್ಲಿ ಬಂದ ಎರಡು ವರದಿಗಳೂ ಈ ದಾರಿಗೇ ಬಂದಿವೆ. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂತಾರಾಷ್ಟ್ರೀಯ ಆಯೋಗದ ವರದಿ, ಬರೀ ಬಿಎಂಐ ನೋಡಿ ಬೊಜ್ಜು ಅನ್ನಬೇಡಿ, ಹೊಟ್ಟೆಯ ಅಳತೆಯನ್ನೋ ಕೊಬ್ಬಿನ ಅಳತೆಯನ್ನೋ ಜೊತೆಗೆ ನೋಡಿ ಅನ್ನುತ್ತದೆ. ಭಾರತದ ತಜ್ಞರ ಹೊಸ ಸಲಹೆಯಲ್ಲೂ ಬಿಎಂಐ ಜೊತೆಗೆ ಹೊಟ್ಟೆಯ ಬೊಜ್ಜು ಮತ್ತು ಅದರಿಂದ ಬಂದ ಕಾಯಿಲೆಗಳನ್ನು ನೋಡಿ ಹಂತ ನಿರ್ಧರಿಸುತ್ತಾರೆ.

ಟೈಲರ್ ಟೇಪು ಸಾಕು

ಡೆಕ್ಸಾ ಎಲ್ಲರಿಗೂ ಬೇಕಿಲ್ಲ ಅಂದೆನಲ್ಲ, ಕಾರಣ ಇದು. ಟೈಲರ್ ಟೇಪಿನಿಂದ ಕೆಲಸ ಮುಕ್ಕಾಲು ಪಾಲು ಆಗುತ್ತದೆ. ಆದರೆ ಸರಿಯಾಗಿ ಅಳೆಯಬೇಕು. ಪ್ಯಾಂಟಿನ ಸೈಜು ನೋಡಿ ಹೇಳುವುದಲ್ಲ. ಪ್ಯಾಂಟನ್ನು ಹೆಚ್ಚಿನವರು ಹೊಟ್ಟೆಯ ಕೆಳಗೆ ಹಾಕಿಕೊಳ್ಳುತ್ತಾರೆ. ಪಕ್ಕೆಲುಬಿನ ಕೊನೆಯ ಮೂಳೆ ಎಲ್ಲಿದೆ ಅಂತ ಬೆರಳಿನಿಂದ ಮುಟ್ಟಿ ನೋಡಿ. ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚು ಎಲ್ಲಿದೆ ನೋಡಿ. ಎರಡರ ನಡುಮಧ್ಯೆ ಟೇಪು ಸುತ್ತಬೇಕು. ಬನಿಯನ್ ಮೇಲೆತ್ತಿ, ಪಂಚೆಯ ಗಂಟು ಕೆಳಗೆ ಸರಿಸಿ, ಸೀರೆ ಉಟ್ಟಿದ್ದರೆ ಲಂಗದ ಲಾಡಿ ಸಡಿಲ ಮಾಡಿ, ಚರ್ಮದ ಮೇಲೇ ಇಡಬೇಕು. ಟೇಪು ಬೆನ್ನಿನ ಕಡೆ ಮೇಲೆ ಕೆಳಗೆ ಆಗಿರಬಾರದು. ಇದನ್ನು ಕನ್ನಡಿಯಲ್ಲಿ ನೋಡಿ, ಇಲ್ಲದಿದ್ದರೆ ಮನೆಯವರನ್ನು ಕೇಳಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಆರಾಮಾಗಿ ಉಸಿರು ಬಿಟ್ಟು, ಆ ಬಿಟ್ಟ ಕೊನೆಯಲ್ಲಿ ಓದಿ.

ಭಾರತದವರಿಗೆ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಇನ್ನೊಂದು ಸುಲಭ ಲೆಕ್ಕವೂ ಇದೆ, ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಿಂದ ಹೇಳುತ್ತಿರುವುದು: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 170 ಸೆಂ.ಮೀ. ಎತ್ತರದವರಿಗೆ 85. 156 ಸೆಂ.ಮೀ. ಎತ್ತರದವರಿಗೆ 78. ಕುಳ್ಳಗಿರುವವರಿಗೆ ಈ ಲೆಕ್ಕ ಹೆಚ್ಚು ನ್ಯಾಯವಾಗಿದೆ ಅಂತ ನನಗನ್ನಿಸುತ್ತದೆ. ಮಕ್ಕಳ ಬಿಎಂಐಗೆ ವಯಸ್ಸಿನ ಪ್ರಕಾರ ಬೇರೆ ಚಾರ್ಟ್ ಇದೆ, ದೊಡ್ಡವರ ಗೆರೆ ಹಚ್ಚಬಾರದು. ಬಸುರಿಯರಿಗೆ ಟೇಪಿನ ಲೆಕ್ಕವೂ ಬೇಡ, ಈ ಗೆರೆಗಳೂ ಬೇಡ.

ಬಿಎಂಐ 22 ಇದ್ದು ಹೊಟ್ಟೆ 94 ಬಂದರೆ ಏನು ಮಾಡಬೇಕು? ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ರಾತ್ರಿ ಊಟ ಬಿಟ್ಟು ತೂಕ ಇಳಿಸಲು ಹೊರಡುತ್ತಾರೆ. ಉಪವಾಸ ಮಾಡಿ ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಇಂಥ ಮೈಗೆ ಮೊದಲೇ ಕೊರತೆ ಇರುವುದು ಅದೇ. ಬೇಕಾದದ್ದು ಮಾಂಸಖಂಡ ಬೆಳೆಸುವುದು. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ, ಜೊತೆಗೆ ವಾರಕ್ಕೆ ಎರಡು ದಿನ ಕೈಕಾಲಿಗೆ ಬಲ ಬರುವ ಕೆಲಸ ಮಾಡಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಸ್ಕಿ ಹೊಡೆಯುವುದು, ದಂಡ ತೆಗೆಯುವುದು ಇದಕ್ಕೆ ಧಾರಾಳ ಸಾಕು. ಜಿಮ್ಮೇ ಬೇಕು ಅಂತಿಲ್ಲ. ಊಟದಲ್ಲಿ ಅನ್ನವೋ ಮುದ್ದೆಯೋ ಸ್ವಲ್ಪ ಕಡಿಮೆ ಮಾಡಿ, ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು ಜಾಸ್ತಿ ಮಾಡಬೇಕು. ಐಸಿಎಂಆರ್ ಪ್ರಕಾರ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 64 ಕೆಜಿಯವರಿಗೆ ಸುಮಾರು 53 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು. ತಕ್ಕಡಿಯ ಮುಳ್ಳು ಅಲುಗದಿದ್ದರೂ ಹೊಟ್ಟೆಯ ಅಳತೆ ಇಳಿಯುತ್ತಿದ್ದರೆ ಕೆಲಸ ಆಗುತ್ತಿದೆ ಅಂತಲೇ ಅರ್ಥ.

ಆಶಾ ಕಾರ್ಯಕರ್ತೆಯ ಕಾಗದ

ನಮ್ಮ ಸರ್ಕಾರಿ ವ್ಯವಸ್ಥೆ ಇದನ್ನು ಆಗಲೇ ಅರ್ಥ ಮಾಡಿಕೊಂಡಿದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಹೋಗಿ ಸಿಬ್ಯಾಕ್ ಅನ್ನುವ ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಅಂಕ ಕೊಡುವ ಭಾಗದಲ್ಲಿ ಕೇಳುವುದು ವಯಸ್ಸು, ತಂಬಾಕು, ಕುಡಿತ, ಹೊಟ್ಟೆಯ ಸುತ್ತಳತೆ, ವಾರಕ್ಕೆ 150 ನಿಮಿಷ ವ್ಯಾಯಾಮ ಇದೆಯಾ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯಾ. ಬಿಎಂಐ ಅಲ್ಲಿ ಇಲ್ಲವೇ ಇಲ್ಲ. ಆಶಾ ಅಕ್ಕನ ಚೀಲದಲ್ಲಿ ತಕ್ಕಡಿ ಇರದಿದ್ದರೂ ನಡೆಯುತ್ತದೆ, ಟೇಪು ಇರಲೇಬೇಕು.

45 ವರ್ಷದ ಗಂಡಸೊಬ್ಬರು ಇದ್ದಾರೆ ಅಂದುಕೊಳ್ಳಿ. ಬೀಡಿ-ಸಿಗರೇಟು, ಕುಡಿತ ಯಾವುದೂ ಇಲ್ಲ. ಬಿಎಂಐ 22.3. ವಯಸ್ಸಿಗೆ ಎರಡು ಅಂಕ. ಹೊಟ್ಟೆ 94 ಸೆಂ.ಮೀ. ಇದ್ದರೆ ಒಂದು ಅಂಕ. ವ್ಯಾಯಾಮ ಇಲ್ಲದ್ದಕ್ಕೆ ಒಂದು. ಅಪ್ಪನಿಗೆ ಶುಗರ್ ಇದ್ದರೆ ಎರಡು. ಒಟ್ಟು ಆರು. ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕರೆತರಬೇಕು ಅಂತ ಫಾರಂನಲ್ಲೇ ಬರೆದಿದೆ. ನಾಲ್ಕು ದಾಟದಿದ್ದರೂ 30 ಆದ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಬೇಕು. ಹತ್ತಿರದ ಉಪಕೇಂದ್ರದಲ್ಲಿ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ. ದುಡ್ಡು ಕೊಡಬೇಕಿಲ್ಲ.